ಯಾವ ಮನೆಯ ಮಗು ಮೊದಲು?

(ತಾಲ್ಲೂಕು ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಮಕ್ಕಳ ನೆರವಿನ ಯೋಜನೆಗಳಿಗೆ ಮನೆಗಳನ್ನು ಗುರುತಿಸುವುದು ಹೇಗೆ, ಗುರುತಿಸಿದ ಮನೆಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು, ಇದು ಈ ಶಿಬಿರದಲ್ಲಿ ನಮ್ಮ ಪಾಲಿಗೆ ಬಂದಿರುವ ವಿಷಯ. ಭೂಮಿ, ಕೂಲಿ, ಸಾಲಗಳ ಬಗ್ಗೆ ಮಾತಾಡಲು ನಮಗಿಂತ ಹಿರಿಯರು ಇಲ್ಲಿದ್ದಾರೆ. ಪಟ್ಟಿ ಬರೆಯುವುದು ಮಾಸ್ತರರ ಕೆಲಸ, ಆದ್ದರಿಂದ ಅವರೇ ಹೇಳಲಿ ಎಂದು ಯಾರೋ ತಮಾಷೆ ಮಾಡಿದರು. ತಮಾಷೆಯಲ್ಲಿ ಸತ್ಯವಿದೆ. ನಾವು ಮಾಸ್ತರರಾಗಿದ್ದಾಗ ಎಷ್ಟೋ ಪಟ್ಟಿಗಳನ್ನು ಬರೆದಿದ್ದೇವೆ. ಅವುಗಳಲ್ಲಿ ಒಂದನ್ನು ತಪ್ಪಾಗಿ ಬರೆದೆವು. ಆ ತಪ್ಪನ್ನು ನಿಮ್ಮ ಮುಂದಿಟ್ಟೇ ಮಾತು ಶುರುಮಾಡುತ್ತೇವೆ.

ಹನ್ನೊಂದು ವರ್ಷದ ಹಿಂದಿನ ಮಾತು. ಮಳೆಗಾಲಕ್ಕೆ ಮುಂಚೆ ಪುಣ್ಯಾತ್ಮರೊಬ್ಬರು ನಮ್ಮ ಶಾಲೆಗೆ ನಲವತ್ತು ಕಂಬಳಿ, ನಲವತ್ತು ಜೊತೆ ಬಟ್ಟೆ ಕಳಿಸಿದರು. ಊರಿನ ನಲವತ್ತು ಅತಿ ಬಡ ಮಕ್ಕಳ ಪಟ್ಟಿ ಮಾಡುವ ಕೆಲಸ ನಮಗೆ ಬಂತು. ಹಾಜರಿ ಪುಸ್ತಕ ಎದುರಿಗಿಟ್ಟುಕೊಂಡೆವು. ಯಾರ ಮನೆಗೆ ಬಡವರ ರೇಷನ್ ಕಾರ್ಡು ಇದೆ ಎಂದು ಕೇಳಿದೆವು. ಮೂರು ತಿಂಗಳಿಂದ ಶಾಲೆಗೆ ಬಾರದವರ ಹೆಸರು ಬಿಟ್ಟೆವು. ಬಾರದವರಿಗೆ ಕೊಡುವುದು ಯಾರ ಕೈಗೆ? ಒಂದು ಸಂಜೆಯಲ್ಲಿ ಪಟ್ಟಿ ಮುಗಿಯಿತು. ಓದಿ ಹೇಳಿದಾಗ ಊರಿನಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ. ತಕರಾರು ಇಲ್ಲದ ಪಟ್ಟಿ ಮಾಡಿದೆವೆಂದು ನಮಗೆ ಹೆಮ್ಮೆಯೂ ಆಯಿತು.

ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾದಾಗ, ಶಾಲೆ ಬಿಟ್ಟ ಹುಡುಗನೊಬ್ಬನನ್ನು ಹುಡುಕಿಕೊಂಡು ಗುಡ್ಡದ ಹಿಂದಿನ ಕೇರಿಗೆ ಹೋದೆವು. ಅಲ್ಲಿ ಒಂದು ಸೋಗೆ ಗುಡಿಸಲಿನ ಬಾಗಿಲಲ್ಲಿ ಹನ್ನೊಂದು ವರ್ಷದ ಹುಡುಗಿ ಎಂಟು ತಿಂಗಳ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು. ಇನ್ನೊಂದು ಮಗು ಮಣ್ಣಿನಲ್ಲಿ ಕೂತಿತ್ತು. ತಾಯಿ ಅಡಿಕೆ ಸುಲಿಯಲು ಹೋಗಿದ್ದಳು. ತಂದೆ ಗೋವೆಯ ಕಡೆ ಕೆಲಸಕ್ಕೆಂದು ಹೋದವನು ವರ್ಷವಾದರೂ ಸುದ್ದಿಯಿಲ್ಲ. ಹುಡುಗಿ ನಮ್ಮ ಶಾಲೆಯವಳೇ. ನಾವು ಬಿಟ್ಟ ಹೆಸರುಗಳಲ್ಲಿ ಅವಳದೂ ಒಂದು. ರೇಷನ್ ಕಾರ್ಡಿನ ಮಾತೆತ್ತಿದರೆ, ಅದು ಮಾವನ ಮನೆಯಲ್ಲಿದೆ, ಮಾವನ ಮನೆಯಿಂದ ಇವರನ್ನು ಹೊರಗೆ ಹಾಕಿಯಾಗಿದೆ.

ನಮ್ಮ ಪಟ್ಟಿಯಲ್ಲಿದ್ದ ನಲವತ್ತು ಮಕ್ಕಳೂ ಬಡವರೇ. ಒಂದು ಹೆಸರೂ ಸುಳ್ಳಲ್ಲ. ಆದರೂ ಆ ಪಟ್ಟಿ ತಪ್ಪು. ಊರಿನಲ್ಲಿ ಎಲ್ಲರಿಗಿಂತ ಮೊದಲು ಬರಬೇಕಾಗಿದ್ದ ಮನೆ ಅದರಲ್ಲಿ ಇರಲಿಲ್ಲ. ಶಿವರಾತ್ರಿಗೆ ಮುಂಚೆ ಆ ಕೈಗೂಸು ಕಫ ಕಟ್ಟಿ ತೀರಿಕೊಂಡಿತು. ಒಂದು ಕಂಬಳಿಯಿಂದ ಅದು ಉಳಿಯುತ್ತಿತ್ತು ಎನ್ನುವಷ್ಟು ವೈದ್ಯ ನಮಗೆ ಗೊತ್ತಿಲ್ಲ. ಆದರೆ ಆ ಮನೆ ಪಟ್ಟಿಯಲ್ಲಿದ್ದಿದ್ದರೆ ನಾವು ಮಳೆಗಾಲದಲ್ಲೇ ಒಮ್ಮೆ ಆ ಬಾಗಿಲಿಗೆ ಹೋಗುತ್ತಿದ್ದೆವು. ಆಗ ಕೂಸು ಬಡಕಲಾಗುತ್ತಿರುವುದು ಕಣ್ಣಿಗೆ ಬೀಳುತ್ತಿತ್ತು. ಇಷ್ಟಂತೂ ನಿಜ.

ಅಂದು ಕಲಿತ ಪಾಠ ಇದು: ಯಾವ ಪುಸ್ತಕ ನೋಡಿ ಪಟ್ಟಿ ಬರೆಯುತ್ತೇವೋ ಆ ಪುಸ್ತಕದಲ್ಲಿ ಇರುವವರು ಮಾತ್ರ ಪಟ್ಟಿಗೆ ಬರುತ್ತಾರೆ. ಅತಿ ಕಷ್ಟದ ಮನೆಯ ಗುರುತೇ ಅದು, ಅದು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ಅಳತೆಗೋಲುಗಳ ಕಥೆ

ಇದು ಒಬ್ಬ ಹಳ್ಳಿ ಮಾಸ್ತರನ ಅಜ್ಞಾನದಿಂದ ಆದ ತಪ್ಪು ಎಂದು ಯಾರೂ ತಿಳಿಯಬಾರದು. ದೊಡ್ಡ ದೊಡ್ಡ ಪಂಡಿತರು ಕೂತು ಮಾಡಿದ ಪಟ್ಟಿಗಳ ಚರಿತ್ರೆಯನ್ನೂ ಸ್ವಲ್ಪ ನೋಡೋಣ.

ಹಳ್ಳಿಗಳಲ್ಲಿ ಬಡತನದ ರೇಖೆಯ ಕೆಳಗಿನವರನ್ನು ಎಣಿಸಲು 1992ರಲ್ಲಿ ಭಾರತ ಸರಕಾರ ಇಟ್ಟ ಅಳತೆ ವರಮಾನದ್ದು. ವರ್ಷಕ್ಕೆ 11,000 ರೂಪಾಯಿಗಿಂತ ಕಡಿಮೆ ಬರುವ ಮನೆ ಬಡವರ ಮನೆ. ಕೂಲಿಕಾರನ ವರಮಾನವನ್ನು ಯಾರು ಲೆಕ್ಕ ಇಟ್ಟಿದ್ದಾರೆ? ಕೇಳಿದವನ ಮುಖ ನೋಡಿ ಅವನು ಒಂದು ಅಂಕಿ ಹೇಳಿದ, ಬರೆದವನು ತನಗೆ ತೋಚಿದ ಅಂಕಿ ಬರೆದ. 1997ರಲ್ಲಿ ಮೊದಲು ಉಳ್ಳವರನ್ನು ಜರಡಿ ಹಿಡಿದು ಹೊರಗಿಡುವ ಕ್ರಮ ಬಂತು. ಎರಡು ಹೆಕ್ಟೇರಿಗಿಂತ ಹೆಚ್ಚು ಸಾಗುವಳಿ, ಪಕ್ಕಾ ಮನೆ, ಟೆಲಿವಿಷನ್, ಮೋಟಾರು ಸೈಕಲ್ ಇದ್ದವರು ಹೊರಗೆ. ಸೂರಿನಲ್ಲಿ ಒಂದು ಫ್ಯಾನು ತೂಗಿದರೂ ಹೊರಗೆ. 2002ರಲ್ಲಿ ಹದಿಮೂರು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 52. ಕಡಿಮೆ ಅಂಕ ಬಂದವನು ಹೆಚ್ಚು ಬಡವ. ಪರೀಕ್ಷೆಯಲ್ಲಿ ಎಲ್ಲರೂ ಫೇಲಾಗಲು ಹವಣಿಸಿದ್ದು ನಮ್ಮ ದೇಶದಲ್ಲಿ ಅದೊಂದೇ ಸಲ ಇರಬೇಕು. ಆ ಹದಿಮೂರರಲ್ಲಿ ಮಕ್ಕಳ ಸ್ಥಿತಿ ಕೇಳಿದ್ದು ಒಂದೇ ಒಂದು ಪ್ರಶ್ನೆ. ಅದೂ 5ರಿಂದ 14 ವರ್ಷದವರು ಶಾಲೆಗೆ ಹೋಗುವರೋ ಕೆಲಸಕ್ಕೆ ಹೋಗುವರೋ ಎಂದು. ಐದು ವರ್ಷದೊಳಗಿನ ಮಗುವಿನ ಬಗ್ಗೆ ಆ ಪ್ರಶ್ನೆ ಏನನ್ನೂ ಕೇಳಲಿಲ್ಲ. ಸಾಯುವ ಅಪಾಯ ಹೆಚ್ಚಾಗಿರುವ ವಯಸ್ಸೇ ಲೆಕ್ಕದಿಂದ ಹೊರಗುಳಿಯಿತು.

2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಇದಕ್ಕಿಂತ ಮೇಲಾದ ವಿಚಾರವಿತ್ತು. ಸೂರಿಲ್ಲದವರು, ಭಿಕ್ಷೆಯಿಂದ ಬದುಕುವವರು, ಮಲ ಹೊರುವವರು, ಅತ್ಯಂತ ಹಿಂದುಳಿದ ಬುಡಕಟ್ಟಿನವರು, ಜೀತದಿಂದ ಬಿಡುಗಡೆಯಾದವರು, ಈ ಐದು ಬಗೆಯವರನ್ನು ಇನ್ನೇನೂ ಕೇಳದೆ ನೇರವಾಗಿ ಸೇರಿಸಬೇಕೆಂದಿತ್ತು. ಉಳಿದವರಿಗೆ ಏಳು ಕೊರತೆಗಳ ಲೆಕ್ಕ: ಒಂದೇ ಕೋಣೆಯ ಕಚ್ಚಾ ಮನೆ, 16ರಿಂದ 59 ವರ್ಷದೊಳಗಿನ ದುಡಿಯುವ ವಯಸ್ಸಿನವರೇ ಇಲ್ಲದ ಮನೆ, ಆ ವಯಸ್ಸಿನ ಗಂಡಸಿಲ್ಲದೆ ಹೆಂಗಸೇ ನಡೆಸುವ ಮನೆ, ಅಂಗವಿಕಲರಿದ್ದು ದುಡಿಯಬಲ್ಲ ಬೇರೆಯವರಿಲ್ಲದ ಮನೆ, ಪರಿಶಿಷ್ಟ ಜಾತಿ, ವರ್ಗದ ಮನೆ, 25 ದಾಟಿದವರಲ್ಲಿ ಅಕ್ಷರ ಬಲ್ಲವರಿಲ್ಲದ ಮನೆ, ಭೂಮಿಯಿಲ್ಲದೆ ಕೂಲಿಯೇ ಆಧಾರವಾದ ಮನೆ. ಈ ಏಳನ್ನು ಪ್ರತಿಯೊಬ್ಬ ಕಾರ್ಯಕರ್ತನೂ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಇವು ಕಣ್ಣಿಗೆ ಕಾಣುವ ಗುರುತುಗಳು, ಯಾರ ವರಮಾನವನ್ನೂ ಊಹಿಸಬೇಕಾಗಿಲ್ಲ. ಆದರೆ ಅಂದು ಬರೆದ ಪಟ್ಟಿ ಅಂದಿನದು. ಆಗ ಕೈಗೂಸಾಗಿದ್ದ ಮಗು ಈಗ ಹೈಸ್ಕೂಲಿನಲ್ಲಿದೆ. ಆಮೇಲೆ ಸತ್ತ ತಂದೆ, ಬಿಟ್ಟುಹೋದ ಗಂಡ, ಕಳೆದುಹೋದ ಜಮೀನು ಆ ಪಟ್ಟಿಗೆ ತಿಳಿಯದು. ಬಡತನ ವರ್ಷಕ್ಕೊಮ್ಮೆ ಮನೆ ಬದಲಾಯಿಸುತ್ತದೆ. ಪಟ್ಟಿ ಹತ್ತು ವರ್ಷಕ್ಕೊಮ್ಮೆ ಎದ್ದು ನೋಡುತ್ತದೆ.

ಎರಡು ತಪ್ಪುಗಳು

ಪಟ್ಟಿಯಲ್ಲಿ ಆಗಬಹುದಾದ ತಪ್ಪು ಎರಡು. ಬೇಕಿಲ್ಲದವನನ್ನು ಸೇರಿಸುವುದು ಒಂದು, ಬೇಕಾದವನನ್ನು ಬಿಡುವುದು ಇನ್ನೊಂದು. ಕಾರ್ನಿಯಾ ಮತ್ತು ಸ್ಟುವರ್ಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1993ರಲ್ಲಿ ಬರೆದ ಪ್ರಬಂಧದಲ್ಲಿ ಈ ಎರಡನ್ನೂ ತೂಗಿ ನೋಡಿದ್ದಾರೆ. ಸರಕಾರಗಳು ಮೊದಲ ತಪ್ಪಿನ ಬಗ್ಗೆ ಬಹಳ ತಲೆಕೆಡಿಸಿಕೊಳ್ಳುತ್ತವೆ, ಎರಡನೆಯದನ್ನು ಲೆಕ್ಕಕ್ಕೇ ತರುವುದಿಲ್ಲ ಎಂಬುದು ಅವರ ವಾದದ ತಿರುಳು.

ನಮ್ಮ ಊರಿನ ಅನುಭವವೂ ಅದೇ ಅಲ್ಲವೇ? ಟ್ರ್ಯಾಕ್ಟರು ಇದ್ದವನು ಬಡವರ ಕಾರ್ಡು ಹಿಡಿದಿದ್ದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ತಹಸೀಲ್ದಾರರು ಬರುತ್ತಾರೆ, ಕಾರ್ಡು ರದ್ದಾಗುತ್ತದೆ. ಗುಡ್ಡದ ಹಿಂದಿನ ಗುಡಿಸಲಿಗೆ ಕಾರ್ಡೇ ಇಲ್ಲವೆಂಬುದು ಯಾವ ಪತ್ರಿಕೆಯ ಸುದ್ದಿ? ಮೊದಲ ತಪ್ಪಿನಿಂದ ಖಜಾನೆಗೆ ನಷ್ಟ, ಅದನ್ನು ವಸೂಲು ಮಾಡಬಹುದು. ಎರಡನೆಯ ತಪ್ಪಿನ ನಷ್ಟ ಮಗುವಿನ ಮೈಯಲ್ಲಿ ಆಗುತ್ತದೆ. ಗರ್ಭದ ದಿನಗಳು ಮತ್ತು ಹುಟ್ಟಿದ ಮೇಲಿನ ಎರಡು ವರ್ಷಗಳಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ತುಂಬಿಕೊಡುವುದು ಬಹಳ ಕಷ್ಟವೆಂದು ವೈದ್ಯರು ಹೇಳುತ್ತಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, 19ಕ್ಕಿಂತ ಹೆಚ್ಚು ಮಕ್ಕಳು ಎತ್ತರಕ್ಕೆ ತಕ್ಕ ತೂಕ ಇಲ್ಲದವರು. ಆದ್ದರಿಂದ ಸಂದೇಹ ಬಂದಲ್ಲಿ ಮಗುವನ್ನು ಒಳಗೆ ಸೇರಿಸಿ, ಆಮೇಲೆ ವಿಚಾರಿಸಿ. ಇದು ನಮ್ಮ ಮೊದಲ ನಿಯಮವಾಗಲಿ.

ಎಲ್ಲಿ ಪಟ್ಟಿಯೇ ಬೇಡ

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ಕೆಲವು ನೆರವಿಗೆ ಪಟ್ಟಿ ಬೇಕು, ಕೆಲವಕ್ಕೆ ಬೇಡವೇ ಬೇಡ. ಬೇಡದ ಕಡೆ ಪಟ್ಟಿ ಮಾಡುವುದು ಹಕ್ಕನ್ನು ದಾನವಾಗಿ ಇಳಿಸಿದಂತೆ.

ಅಂಗನವಾಡಿಯ ಊಟ ಇಂಥದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ದೊರೆತದ್ದು ತಿ. ನರಸೀಪುರಕ್ಕೆ ಮಾತ್ರ. ಅಂದು ಎಲ್ಲಿ ಮೊದಲು ಎಂಬ ಪ್ರಶ್ನೆ ಇತ್ತು. ಇಂದು ಆ ಪ್ರಶ್ನೆ ಇಲ್ಲ. ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರ್ 28ರಂದು ಆಹಾರದ ಯೋಜನೆಗಳನ್ನು ಜನರ ಹಕ್ಕೆಂದು ಎತ್ತಿಹಿಡಿಯಿತು. 2006ರ ಡಿಸೆಂಬರ್ 13ರಂದು, ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಕೇರಿಯಲ್ಲಿ ಅಂಗನವಾಡಿ ಇಲ್ಲದಿದ್ದರೆ ಜನ ಕೇಳಿದ ಮೂರು ತಿಂಗಳೊಳಗೆ ಅದನ್ನು ತೆರೆಯಬೇಕು, ಪರಿಶಿಷ್ಟರ ಕೇರಿಗಳನ್ನು ಮೊದಲು ನೋಡಬೇಕು ಎಂದು ಆದೇಶಿಸಿತು. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಈ ಆಹಾರದ ಹಕ್ಕು ಕೊಟ್ಟಿದೆ. ಅಲ್ಲಿ ಕಾರ್ಡು ಕೇಳುವಂತಿಲ್ಲ, ಜಾತಿ ಕೇಳುವಂತಿಲ್ಲ, ತಂದೆಯ ಹೆಸರು ಬೇಕೆಂದು ನಿಲ್ಲಿಸುವಂತಿಲ್ಲ. ಕೊಯ್ಲಿಗೆ ಬಂದ ಹೊರ ಜಿಲ್ಲೆಯವರ ಮಗು ಎರಡೇ ತಿಂಗಳು ಇದ್ದು ಹೋಗುವುದಾದರೂ ಆ ಎರಡು ತಿಂಗಳ ಊಟ ಅದರದು.

ಎಲ್ಲರಿಗೂ ಕೊಟ್ಟರೆ ದಂಡವಾಗುತ್ತದೆಂದು ಹೇಳುವವರಿದ್ದಾರೆ. ತಮಿಳುನಾಡಿನಲ್ಲಿ 1982ರಿಂದ ಮಕ್ಕಳ ಊಟವನ್ನು ದೊಡ್ಡ ಪ್ರಮಾಣದಲ್ಲಿ ವಿಸ್ತರಿಸಿದಾಗಲೂ ಅದೇ ಮಾತು ಕೇಳಿಬಂದಿತ್ತು. 1997ರಲ್ಲಿ ದೇಶವೆಲ್ಲ ಪಡಿತರವನ್ನು ಬಡವರು, ಬಡವರಲ್ಲದವರು ಎಂದು ಸೀಳಿದಾಗ ಆ ರಾಜ್ಯ ಸೀಳಲಿಲ್ಲ. ಎಲ್ಲರೂ ಬರುವ ಅಂಗಡಿಯ ತೂಕ ಸರಿಯಾಗಿರುತ್ತದೆ. ಬಡವರು ಮಾತ್ರ ಬರುವ ಅಂಗಡಿಯಲ್ಲಿ ತಕ್ಕಡಿಯನ್ನು ಯಾರು ನೋಡುತ್ತಾರೆ?

ಎಲ್ಲಿ ಪಟ್ಟಿ ಬೇಕು

ಪಟ್ಟಿ ಬೇಕಾಗುವುದು ಹಣಕ್ಕೆ ಮಿತಿ ಇರುವಲ್ಲಿ. ನಮ್ಮ ಮುಂದೆ ಈಗ ಇರುವುದು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ನೆರವು. 2022ರ ಮಾರ್ಗಸೂಚಿಯಂತೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮಗುವನ್ನು ಅನಾಥಾಲಯಕ್ಕೆ ಕಳಿಸದೆ ಮನೆಯಲ್ಲೇ ಉಳಿಸಿ ಓದಿಸಲು ಇದನ್ನು ಕೊಡುತ್ತಾರೆ. ಹಳ್ಳಿಯಲ್ಲಿ ವರ್ಷದ ವರಮಾನ 72,000 ರೂಪಾಯಿ, ಪಟ್ಟಣದಲ್ಲಿ 96,000 ರೂಪಾಯಿ ದಾಟಿರಬಾರದು. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ತೊರೆದವಳಾಗಿದ್ದರೆ, ತಂದೆತಾಯಿ ಇಬ್ಬರೂ ಇಲ್ಲದೆ ಅಜ್ಜಿ, ದೊಡ್ಡಪ್ಪಂದಿರ ಮನೆಯಲ್ಲಿ ಮಗು ಇದ್ದರೆ, ತಂದೆತಾಯಿಗೆ ಪ್ರಾಣಾಂತಕ ರೋಗವಿದ್ದರೆ, ಅಪಘಾತದಿಂದ ಅವರು ದುಡಿಯಲಾರದವರಾಗಿದ್ದರೆ ಅಂಥ ಮನೆಗಳು ಇದರೊಳಗೆ ಬರುತ್ತವೆ. ಬಾಲಕಾರ್ಮಿಕನಾಗಿ ಸಿಕ್ಕಿದ ಮಗು, ಬಾಲ್ಯವಿವಾಹಕ್ಕೆ ಸಿಕ್ಕಿದ ಮಗು, ಹೀಗೆ 2015ರ ಬಾಲನ್ಯಾಯ ಕಾಯ್ದೆ ರಕ್ಷಣೆ ಬೇಕಾದವರೆಂದು ಹೇಳಿದ ಮಕ್ಕಳೂ ಬರುತ್ತಾರೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತದೆ, ಜಿಲ್ಲೆಯ ಅನುಮೋದನಾ ಸಮಿತಿ ತೀರ್ಮಾನಿಸುತ್ತದೆ.

ಒಂದು ಪಂಚಾಯಿತಿಯಲ್ಲಿ ಇಂಥ ಮೂವತ್ತು ಮಕ್ಕಳಿದ್ದು, ಈ ವರ್ಷ ಹತ್ತು ಮಕ್ಕಳಿಗೆ ಮಾತ್ರ ಹಣ ಬಂದರೆ ಆ ಹತ್ತು ಯಾರು? ಇದೇ ಇವತ್ತಿನ ಪ್ರಶ್ನೆ. ಅತ್ತ ಮಗುವಿಗೆ ಹಾಲು ಎಂಬಂತೆ ನಡೆದರೆ, ಪಂಚಾಯಿತಿ ಕಚೇರಿಗೆ ಹತ್ತು ಸಲ ಬಂದವಳಿಗೆ ಸಿಗುತ್ತದೆ. ಹತ್ತು ಸಲ ಬರಲು ಹತ್ತು ದಿನದ ಕೂಲಿ ಕಳೆದುಕೊಳ್ಳಬೇಕು. ಕಳೆದುಕೊಳ್ಳಲು ಕೂಲಿಯೇ ಇಲ್ಲದವಳು ಬರುವುದಿಲ್ಲ. ಆದ್ದರಿಂದ ನಾವೇ ಹೋಗಬೇಕು.

ಹೋಗುವ ಕ್ರಮ

ಪುಸ್ತಕದಿಂದ ಹೊರಡಬೇಡಿ, ಕೊನೆಯ ಮನೆಯಿಂದ ಹೊರಡಿ. ಊರಿನ ನಡುವಿನಿಂದ ಹೊರಟವನು ಕತ್ತಲಾಗುವ ಹೊತ್ತಿಗೆ ಕೊನೆಯ ಕೇರಿಗೆ ಮುಟ್ಟುತ್ತಾನೆ, ಅಲ್ಲಿ ಬಾಗಿಲಲ್ಲೇ ನಿಂತು ಬರೆದುಕೊಂಡು ಬರುತ್ತಾನೆ. ತೋಟದ ಲೈನು ಮನೆ, ಇಟ್ಟಿಗೆ ಗೂಡು, ಕೆರೆ ಏರಿಯ ಕೆಳಗಿನ ಟೆಂಟು, ಬಗರ್‌ಹುಕುಂ ಗುಡಿಸಲು, ಇವು ಮೊದಲು. ನಮ್ಮ ಮಲೆನಾಡಿನಲ್ಲಿ 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾಗಿ ಎದ್ದುಬಂದವರ ಮಕ್ಕಳು, ಮೊಮ್ಮಕ್ಕಳಲ್ಲಿ ಎಷ್ಟೋ ಜನರಿಗೆ ಕೂತ ನೆಲದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಕಾಗದದಿಂದ ಹುಡುಕಿದರೆ ಇಂಥವರು ಸಿಕ್ಕುವುದು ಕಷ್ಟ.

ಮನೆಯ ವಿಚಾರ ಬೇರೆ, ಮಗುವಿನ ವಿಚಾರ ಬೇರೆ. ಎರಡನ್ನೂ ನೋಡಬೇಕು. ಬಡ ಮನೆಯಲ್ಲಿ ಗಟ್ಟಿಮುಟ್ಟಾದ ಮಗು ಇರಬಹುದು, ಅನುಕೂಲದ ಮನೆಯ ಮೂಲೆಯಲ್ಲಿ ಬಡಕಲು ಹೆಣ್ಣುಕೂಸು ಇರಬಹುದು. ಮಗುವಿಗೆ ಅಳತೆ ಪಟ್ಟಿ ಇದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಎಡ ರಟ್ಟೆಯ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ಕೆಂಪು. ಅಂದರೆ ತೀವ್ರ ಅಪೌಷ್ಟಿಕತೆ. 11.5ರಿಂದ 12.5ರ ನಡುವೆ ಹಳದಿ. ಎರಡೂ ಪಾದಗಳು ಊದಿಕೊಂಡು, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ನಿಂತರೆ ಅದೂ ಅಪಾಯದ ಗುರುತು. ಅಂಥ ಮಗುವಿನ ತಾಯಿಯ ಹತ್ತಿರ ಕಾರ್ಡು, ವರಮಾನ ಯಾವುದನ್ನೂ ಕೇಳುತ್ತ ಕೂಡಬೇಡಿ. ಅಂಗನವಾಡಿಯ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಮಗುವಿನೊಡನೆ ತಾಯಿ ಆಸ್ಪತ್ರೆಯಲ್ಲಿ ಉಳಿದರೆ ಮನೆಯಲ್ಲಿರುವ ಉಳಿದ ಮಕ್ಕಳನ್ನು ನೋಡುವವರು ಯಾರು? ಈ ಒಂದು ಕಾರಣಕ್ಕೆ ಎಷ್ಟೋ ತಾಯಂದಿರು ಅರ್ಧಕ್ಕೇ ಎದ್ದು ಬರುತ್ತಾರೆ. ಆ ಮಕ್ಕಳ ಊಟ, ನಿದ್ದೆಯ ಏರ್ಪಾಡನ್ನು ಕೇರಿಯಲ್ಲೇ ಮಾಡುವುದು ನಮ್ಮ ಹೊಣೆ. ಅದಕ್ಕೆ ಯಾವ ಸರಕಾರಿ ಆದೇಶವೂ ಬೇಕಿಲ್ಲ.

ಇನ್ನು ಮನೆಗಳಲ್ಲಿ ಮೊದಲು, ಆಮೇಲೆ ಎಂದು ನಿರ್ಧರಿಸುವುದು. ಅಂಕ ಹಾಕಿ ಕೂಡಿಸುವ ಕ್ರಮವನ್ನು ನಾವು ಒಪ್ಪುವುದಿಲ್ಲ. ಹೆಂಚಿನ ಮಾಡಿಗೆ ಎರಡು ಅಂಕ, ಸತ್ತ ತಂದೆಗೆ ಎರಡು ಅಂಕ ಎಂದರೆ ಮಾಡೂ ತಂದೆಯೂ ಸಮನಾದಂತಾಯಿತು. ಅದರ ಬದಲು ಮೂರು ಪ್ರಶ್ನೆಗಳನ್ನು ಒಂದಾದ ಮೇಲೊಂದು ಕೇಳೋಣ.

ಒಂದನೆಯದು: ಈ ಮಗುವಿಗೆ ಈಗಲೇ ಅಪಾಯವಿದೆಯೇ? ಕೆಲಸಕ್ಕೆ ಕಳಿಸುವುದು ನಿಶ್ಚಯವಾಗಿದೆ, ಮದುವೆ ಗೊತ್ತಾಗಿದೆ, ಹೊಡೆತ ಬಡಿತ ಇದೆ, ಊರು ಬಿಡಿಸಿ ಯಾರೋ ಕರೆದೊಯ್ಯಲಿದ್ದಾರೆ, ಹೀಗಿದ್ದರೆ ಆ ಮಗು ಎಲ್ಲರಿಗಿಂತ ಮೊದಲು. 1098ಕ್ಕೆ ಅಂದೇ ಫೋನು ಮಾಡಬೇಕು, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಎರಡನೆಯದು: ಮನೆಯಲ್ಲಿ ದುಡಿಯಬಲ್ಲ, ಮಗುವನ್ನು ನೋಡಬಲ್ಲ ದೊಡ್ಡವರು ಎಷ್ಟು, ಅವರನ್ನು ನೆಚ್ಚಿಕೊಂಡ ಬಾಯಿಗಳೆಷ್ಟು? ಎಪ್ಪತ್ತರ ಅಜ್ಜಿಯೊಬ್ಬಳು ಮೂರು ಮೊಮ್ಮಕ್ಕಳನ್ನು ಸಾಕುವ ಮನೆ, ಇಬ್ಬರು ಅಣ್ಣತಮ್ಮಂದಿರು ಒತ್ತಾಸೆಗಿರುವ ವಿಧವೆಯ ಮನೆಗಿಂತ ಮೊದಲು. ಮೂರನೆಯದು: ಬೇರೆ ಯಾವ ನೆರವು ಆ ಮನೆಗೆ ಮುಟ್ಟಿದೆ? ಪಿಂಚಣಿ, ಪಡಿತರ, ವಿದ್ಯಾರ್ಥಿವೇತನ ಒಂದೂ ಮುಟ್ಟದ ಮನೆ, ಎರಡು ಮುಟ್ಟಿದ ಮನೆಗಿಂತ ಮೊದಲು. ಆಗ ಉಳಿದ ನೆರವುಗಳನ್ನು ಕೊಡಿಸುವ ಕೆಲಸವೂ ತಾನಾಗಿ ಕಣ್ಣಿಗೆ ಬೀಳುತ್ತದೆ.

ಕಾಗದದ ಗೋಡೆ

ಮನೆ ಸಿಕ್ಕಿತು, ಅರ್ಹತೆಯೂ ಇದೆ, ಆದರೂ ಹಣ ಬರುವುದಿಲ್ಲ. ಯಾಕೆಂದರೆ ಕಾಗದವಿಲ್ಲ. ಗಂಡ ಗೋವೆಯಲ್ಲೋ ಮುಂಬಯಿಯಲ್ಲೋ ಕೆಲಸದ ಮೇಲೆ ಸತ್ತ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮರಣವನ್ನು ಅದು ಸಂಭವಿಸಿದ ಊರಿನಲ್ಲೇ ಬರೆಸಬೇಕು, ಇಪ್ಪತ್ತೊಂದು ದಿನದೊಳಗೆ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು. ಅಕ್ಷರ ಬಾರದ ಹೆಂಗಸು ಎರಡು ಮಕ್ಕಳನ್ನು ಕಟ್ಟಿಕೊಂಡು ಪರರಾಜ್ಯದ ಕಚೇರಿಯನ್ನು ಎಲ್ಲೆಂದು ಹುಡುಕಬೇಕು? ಇಂಥ ಒಂದು ಮರಣಪತ್ರ ತರಿಸಿಕೊಟ್ಟರೆ ಹತ್ತು ಭಾಷಣ ಮಾಡಿದ್ದಕ್ಕಿಂತ ಮೇಲು.

ಗಂಡ ಬಿಟ್ಟುಹೋದವಳ ಕಷ್ಟ ಇನ್ನೂ ಹೆಚ್ಚು. ವಿಧವೆಯೆನ್ನಲು ಪತ್ರವಿಲ್ಲ, ಸುಮಂಗಲಿಯೆನ್ನಲು ಗಂಡನಿಲ್ಲ. ಅವಳಿಗೆ ಅರ್ಹತೆಯಿಲ್ಲವೆಂದು ಕೆಲವು ಕಡೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಇದು ತಪ್ಪು. ತೊರೆಯಲ್ಪಟ್ಟ ತಾಯಿಯ ಮಗುವೂ ಸೇರುತ್ತದೆಂದು ಮಾರ್ಗಸೂಚಿಯಲ್ಲೇ ಇದೆ. ಅದರ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಬೇಕು.

ಬಯಲುಸೀಮೆಯಿಂದ, ಉತ್ತರದ ಜಿಲ್ಲೆಗಳಿಂದ ಬಂದ ಗೆಳೆಯರು ನಿನ್ನೆ ದೇವದಾಸಿ ತಾಯಂದಿರ ಮಕ್ಕಳ ಮಾತೆತ್ತಿದರು. 1982ರಲ್ಲೇ ಆ ಪದ್ಧತಿಯನ್ನು ನಮ್ಮ ರಾಜ್ಯ ಕಾನೂನಿನಿಂದ ನಿಷೇಧಿಸಿತು. 1993-94ರ ಸಮೀಕ್ಷೆಯಲ್ಲಿ 22,873, 2007-08ರ ಸಮೀಕ್ಷೆಯಲ್ಲಿ 23,787 ಹೆಸರು ಬರೆದುಕೊಂಡರು. ಬರೆದುಕೊಂಡ ದಿನ ಗುಳೆ ಹೋಗಿದ್ದವರು, ನಾಚಿಕೆಯಿಂದ ಬಾಗಿಲು ತೆರೆಯದವರು ವರ್ಷಾನುಗಟ್ಟಲೆ ಹೊರಗೇ ಉಳಿದರು. ಅವರ ಮಕ್ಕಳು ಶಾಲೆಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ತಲೆತಗ್ಗಿಸಿದರು. ನಮ್ಮ ನಲವತ್ತು ಕಂಬಳಿಯ ಕಥೆಯೂ ಇದೂ ಒಂದೇ. ಗಾತ್ರ ಮಾತ್ರ ಬೇರೆ.

ಗುಟ್ಟು ಮತ್ತು ಬಯಲು

ಪಟ್ಟಿಯನ್ನು ಬಯಲಿನಲ್ಲಿ ಓದಬೇಕೆಂದು ನಾವೇ ಹೋರಾಡಿದವರು. ಗ್ರಾಮಸಭೆಯಲ್ಲಿ ಓದಿದ ಪಟ್ಟಿಯಲ್ಲಿ ಮೋಸ ಕಡಿಮೆ, ಸಂದೇಹವಿಲ್ಲ. ಆದರೆ ಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಬೇಕು. ‘ಇಂಥವಳ ಮಗ, ತಾಯಿಗೆ ಏಡ್ಸ್’, ‘ಇಂಥವನ ಮಗಳು, ತಂದೆ ಜೈಲಿನಲ್ಲಿ’ ಎಂದು ಮೈಕಿನಲ್ಲಿ ಓದಿದರೆ ನಾಲ್ಕು ಸಾವಿರ ರೂಪಾಯಿ ಕೊಟ್ಟು ಊರಿನಲ್ಲಿ ತಲೆಯೆತ್ತದಂತೆ ಮಾಡಿದ ಹಾಗಾಗುತ್ತದೆ. ಮಾನಕ್ಕೆ ಅಂಜಿ ಎಷ್ಟೋ ಮನೆಗಳು ಅರ್ಜಿಯನ್ನೇ ಹಾಕುವುದಿಲ್ಲ.

ಆದ್ದರಿಂದ ಹೀಗೆ ಮಾಡೋಣ. ನಿಯಮಗಳನ್ನು, ಆ ಮೂರು ಪ್ರಶ್ನೆಗಳನ್ನು, ಯಾವ ಕೇರಿಯಿಂದ ಎಷ್ಟು ಅರ್ಜಿ ಹೋಯಿತು, ಎಷ್ಟು ಮಂಜೂರಾಯಿತು ಎಂಬ ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲಿ. ಯಾವುದಾದರೂ ಕೇರಿಯ ಮುಂದೆ ಸೊನ್ನೆ ಬಿದ್ದಿದ್ದರೆ ಅಲ್ಲಿಯೇ ಕೇಳಬೇಕು: ಆ ಕೇರಿಯಲ್ಲಿ ಕಷ್ಟವಿಲ್ಲವೋ, ಅಥವಾ ಅಲ್ಲಿಗೆ ಯಾರೂ ಹೋಗಲಿಲ್ಲವೋ? ಹೆಸರು ಮತ್ತು ಕಾರಣಗಳನ್ನು ಮಾತ್ರ ಗ್ರಾಮದ ಮಕ್ಕಳ ರಕ್ಷಣಾ ಸಮಿತಿ ಒಳಗೆ ಕೂತು ನೋಡಲಿ. ಅದರಲ್ಲಿ ಅಂಗನವಾಡಿಯವರು, ಶಾಲೆಯವರು, ಕೇರಿಯ ಹೆಂಗಸರು ಇರಲಿ. ಸಿಗದ ಮನೆಗೆ ಯಾಕೆ ಸಿಗಲಿಲ್ಲವೆಂದು ಅವರ ಬಾಗಿಲಿಗೇ ಹೋಗಿ ಹೇಳಬೇಕು, ಮುಂದಿನ ಸಲ ಅವರ ಸರದಿ ಎಲ್ಲಿದೆಯೆಂದೂ ಹೇಳಬೇಕು. ಚೆಕ್ಕು ಕೊಡುವ ಫೋಟೋದಲ್ಲಿ ಮಗುವನ್ನು ನಿಲ್ಲಿಸಬಾರದು. ನಮ್ಮ ಮುಖಂಡರು ಪಕ್ಕದಲ್ಲಿ ನಿಂತಿದ್ದರೂ ಸರಿಯೇ.

ಮಕ್ಕಳನ್ನೂ ಕೇಳಿ. ನಮ್ಮ ರಾಜ್ಯದಲ್ಲಿ 2006ರಿಂದ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿದೆ. ಎಷ್ಟೋ ಕಡೆ ಅದು ಒಂದು ಹಾಡು, ಒಂದು ಲಡ್ಡು, ಒಂದು ವರದಿಗೆ ಮುಗಿಯುತ್ತದೆ. ‘ನಿಮ್ಮ ಜೊತೆ ಆಡುತ್ತಿದ್ದವರಲ್ಲಿ ಈಗ ಯಾರು ಕಾಣುತ್ತಿಲ್ಲ?’ ಎಂದು ಅಲ್ಲಿ ಕೇಳಿ ನೋಡಿ. ಮಾಸ್ತರರ ಹಾಜರಿ ಪುಸ್ತಕ ಹೇಳದ್ದನ್ನು ಅವರು ಒಂದೇ ಉಸಿರಿಗೆ ಹೇಳುತ್ತಾರೆ.

ಎರಡು ಆಕ್ಷೇಪಗಳು

ನಮ್ಮವರಲ್ಲೇ ಎರಡು ಮಾತು ಬರುತ್ತವೆ. ‘ಪಟ್ಟಿ ಎಂದರೆ ಬಡವರನ್ನು ಬಡವರ ಮೇಲೆ ಎತ್ತಿಕಟ್ಟುವುದು. ಎಲ್ಲರಿಗೂ ಕೊಡಿ ಎಂದು ಹೋರಾಡಬೇಕೇ ಹೊರತು ನಾವೇ ಕೂತು ಆರಿಸುವುದು ಸರಿಯೇ?’ ಎಂದು ಕೆಲವು ತರುಣರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಮೂವತ್ತು ಮಕ್ಕಳಿಗೂ ಕೊಡಿ ಎಂಬ ಹೋರಾಟವನ್ನು ನಾವು ಬಿಡುವುದಿಲ್ಲ. ಆದರೆ ಆ ಹೋರಾಟ ಮುಗಿಯುವವರೆಗೆ ಹತ್ತು ಮಕ್ಕಳ ಹಣ ಯಾರಿಗೋ ಹೋಗಿಯೇ ಹೋಗುತ್ತದೆ. ನಾವು ಆರಿಸದಿದ್ದರೆ ಇನ್ನೊಬ್ಬರು ಆರಿಸುತ್ತಾರೆ, ಅವರು ಕೊನೆಯ ಮನೆಯಿಂದ ಹೊರಡುವುದಿಲ್ಲ. ಇನ್ನೂ ಒಂದು ಮಾತು. ಉಳಿದ ಇಪ್ಪತ್ತು ಮನೆಗಳ ಸರಿಯಾದ ಲೆಕ್ಕ ಕೈಯಲ್ಲಿದ್ದರೆ ತಾನೇ ಇನ್ನಷ್ಟು ಕೊಡಿ ಎಂದು ಕೇಳಲು ಬಲ ಬರುವುದು?

ಎರಡನೆಯ ಮಾತನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ, ಚಹಾದ ಅಂಗಡಿಯಲ್ಲಿ ಹೇಳುತ್ತಾರೆ. ‘ನಾವು ಓಡಾಡಿ ಕೊಡಿಸುವುದಾದರೆ ನಮಗೆ ಓಟು ಹಾಕಿದವರಿಗೆ ಕೊಡಿಸೋಣ.’ ಈ ಮಾತಿಗೆ ನಮ್ಮ ಉತ್ತರ ಚಿಕ್ಕದು. ನಾವು ಕಂಬಳಿ ಹಂಚಿದಾಗ ಪಕ್ಷಪಾತ ಮಾಡಿರಲಿಲ್ಲ, ಬರೀ ಅಜಾಗರೂಕತೆ ಮಾಡಿದ್ದೆವು. ಅಷ್ಟಕ್ಕೇ ಆ ಮನೆ ಬಿಟ್ಟುಹೋಯಿತು. ಬೇಕೆಂದೇ ಬಿಟ್ಟರೆ ಆ ಪಾಪವನ್ನು ಯಾವ ಧ್ವಜದ ಕೆಳಗೆ ಮುಚ್ಚಿಡುತ್ತೀರಿ?

ಆ ಹುಡುಗಿ ಏನಾದಳೆಂದು ಕೆಲವರು ಕೇಳಬಹುದು. ಅವಳು ಮತ್ತೆ ಶಾಲೆಗೆ ಬರಲಿಲ್ಲ. ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿದರು. ಕಳೆದ ತಿಂಗಳು ಘಟ್ಟದ ಈಚೆಯ ಒಂದು ತೋಟದ ಲೈನಿನಲ್ಲಿ ಅವಳನ್ನು ಕಂಡೆವು. ಒಂದೂವರೆ ವರ್ಷದ ಮಗು ಕೈಯಲ್ಲಿತ್ತು. ‘ಮೇಷ್ಟ್ರೇ, ನನ್ನ ಗುರುತು ಸಿಕ್ಕಿತಾ?’ ಎಂದು ನಕ್ಕಳು. ಮಗುವಿನ ರಟ್ಟೆಗೆ ಪಟ್ಟಿ ಸುತ್ತಿದೆವು. ಹಳದಿ ಬಂತು. ಆ ಲೈನಿಗೆ ಅಂಗನವಾಡಿ ಎರಡು ಮೈಲಿ ದೂರ, ಮಗುವಿನ ಹೆಸರು ಅಲ್ಲಿ ಇರಲಿಲ್ಲ. ಮರುದಿನ ಅವಳನ್ನೂ ಲೈನಿನ ಇನ್ನೂ ನಾಲ್ಕು ತಾಯಂದಿರನ್ನೂ ಕರೆದುಕೊಂಡು ಹೋಗಿ ಐದು ಮಕ್ಕಳ ಹೆಸರು ಬರೆಸಿದೆವು. ಲೈನಿನ ಮಕ್ಕಳನ್ನೆಲ್ಲ ಎಣಿಸುತ್ತಿದ್ದೇವೆ. ನಲವತ್ತಾದರೆ ಕೇಂದ್ರ ಅಲ್ಲಿಗೇ ಬರಬೇಕೆಂದು ಅರ್ಜಿ ಹಾಕುತ್ತೇವೆ.

ನಿಮಗೆ ಒಪ್ಪಿಸುವ ಕೆಲಸ ಇಷ್ಟು. ಮುಂದಿನ ಶಿಬಿರದ ಒಳಗೆ ಒಬ್ಬೊಬ್ಬರು ಒಂದೊಂದು ಕೇರಿ ಹಿಡಿಯಿರಿ. ಕೊನೆಯ ಮನೆಯಿಂದ ಹೊರಡಿ. ಅಳತೆ ಪಟ್ಟಿಯನ್ನು ಅಂಗನವಾಡಿಯವರಿಂದ ಕೇಳಿ ತೆಗೆದುಕೊಳ್ಳಿ, ಅಳೆಯುವ ಕ್ರಮವನ್ನು ಅವರಿಂದಲೇ ಕಲಿಯಿರಿ. ಆ ಮೂರು ಪ್ರಶ್ನೆ ಕೇಳಿ. ಯಾವ ಪುಸ್ತಕದಲ್ಲೂ ಇಲ್ಲದ ಒಂದು ಮನೆಯನ್ನಾದರೂ ಹುಡುಕಿ, ಅದಕ್ಕೆ ಬೇಕಾದ ಕಾಗದ ಯಾವುದೆಂದು ಬರೆದುಕೊಂಡು ಬನ್ನಿ. ಎಲ್ಲರೂ ಕೂತು ಅರ್ಜಿ ಬರೆಯೋಣ. ಬರೆಯುವ ಕೆಲಸ ಮಾಸ್ತರರದು; ಅದನ್ನು ನಾವು ಈಗಲೂ ಬಿಟ್ಟಿಲ್ಲ.